ಅತ್ತೆಯ ಉಸಿರು ಎಣಿಸಿದ ಸೊಸೆ

ದೊಡ್ಡಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಅಲ್ಲೊಂದು ಮಗ್ಗದ ಮನೆ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ. ಸೊಸೆ ನಮ್ಮ ನಿಮ್ಮ ಹಾಗೆ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು.

ಚಳಿಗಾಲ. ಅತ್ತೆಗೆ ನೆಗಡಿ, ಕೆಮ್ಮು ಬಂತು. ಮೂರನೇ ದಿನ ಮುದ್ದೆ ಮುಟ್ಟಲಿಲ್ಲ.

"ಯಾಕತ್ತೆ, ಉಣ್ಣಲ್ವಾ?"

"ಬ್ಯಾಡ ಕಣವ್ವಾ, ಬಾಯಿಗೆ ರುಚಿನೇ ಇಲ್ಲ."

ಮಾರನೇ ದಿನ ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದೇ ಮಂಪರು. ಮೊಮ್ಮಗನನ್ನು ಮಗನ ಹೆಸರು ಹಿಡಿದು ಕರೆದರು. ಹಣೆ ಮುಟ್ಟಿದರೆ ಬಿಸಿ ಇಲ್ಲ.

"ಜ್ವರ ಇಲ್ವಲ್ಲ. ವಯಸ್ಸಾಯ್ತು ಬಿಡು" ಎಂದರು ಪಕ್ಕದ ಮನೆಯವರು.

ಸೊಸೆಗೆ ಸಮಾಧಾನವಾಗಲಿಲ್ಲ. ಗಡಿಯಾರ ಮುಂದಿಟ್ಟುಕೊಂಡಳು. ಒಂದು ನಿಮಿಷಕ್ಕೆ ಅತ್ತೆಯ ಎದೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿದಳು. 32 ಸಲ! ಚೀಟಿಯಲ್ಲಿ ಬರೆದು ಆಶಾ ಕಾರ್ಯಕರ್ತೆಗೆ ತೋರಿಸಿದಳು. ಕೂಡಲೇ 108ಕ್ಕೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು.

"ಇದು ನ್ಯುಮೋನಿಯಾ. ಒಳ್ಳೆಯ ಹೊತ್ತಿಗೆ ಕರೆತಂದೆ ಕಣಮ್ಮ" ಎಂದರು ಡಾಕ್ಟರು. ಅತ್ತೆ ಉಳಿದರು.

ನ್ಯುಮೋನಿಯಾ ಎಂದರೇನು?

ನಮ್ಮ ಎದೆಯೊಳಗೆ ಎರಡು ಶ್ವಾಸಕೋಶಗಳಿವೆ. ಅವುಗಳಲ್ಲಿ ಗಾಳಿ ತುಂಬುವ ಪುಟ್ಟ ಪುಟ್ಟ ಚೀಲಗಳಿವೆ. ರೋಗಾಣು ಹೊಕ್ಕರೆ ಈ ಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಗಾಳಿಗೆ ಜಾಗ ಇರುವುದಿಲ್ಲ. ಆಗ ಉಸಿರಾಟ ಕಷ್ಟವಾಗುತ್ತದೆ.

ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಬರುವುದಿಲ್ಲ. ಅದಕ್ಕೇ ನಾವು ಮೋಸ ಹೋಗುತ್ತೇವೆ. ಈ ಗುರುತುಗಳನ್ನು ನೆನಪಿಡೋಣ:

• ಇದ್ದಕ್ಕಿದ್ದಂತೆ ಊಟ ಬಿಡುವುದು
• ಮಂಪರು, ಮಾತು ತಪ್ಪುವುದು
• ಕೆಮ್ಮು, ಕಫ, ಎದೆ ನೋವು
• ಮೇಲುಸಿರು

ಸುಮ್ಮನೆ ಕುಳಿತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದು 25 ಮುಟ್ಟಿದರೆ ತಡ ಮಾಡಬಾರದು. ತುಟಿ ನೀಲಿಯಾದರೆ, ಎಚ್ಚರ ತಪ್ಪಿದರೆ ಎಣಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ತಟ್ಟೆಯಲ್ಲಿ ಏನಿರಬೇಕು?

ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದು ಹಿರಿಯ ಹೆಂಗಸರಿಗೆ. ಹಲ್ಲಿಲ್ಲ ಎಂದು ತಿಳಿಗಂಜಿ ಕೊಟ್ಟು ಸುಮ್ಮನಾಗುತ್ತೇವೆ. ಬರೀ ಗಂಜಿಯಿಂದ ರೋಗ ತಡೆಯುವ ಶಕ್ತಿ ಬರದು. ಮೆತ್ತನೆಯ ರಾಗಿ ಮುದ್ದೆ ಕೊಡೋಣ. ಅವರೆಕಾಳು, ಹುರಳಿಕಾಳು, ಹೆಸರುಕಾಳು ಚೆನ್ನಾಗಿ ಬೇಯಿಸಿ ಮಸೆದು ಕೊಡೋಣ. ನುಗ್ಗೆಸೊಪ್ಪಿನ ಬಸ್ಸಾರು ಒಳ್ಳೆಯದು. ಡೈರಿಗೆ ಹಾಲು ಹಾಕುವ ಮುಂಚೆ ಒಂದು ಲೋಟ ಮನೆಯ ಹಿರಿಯರಿಗೆ ಎತ್ತಿಡೋಣ. ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಕೊಡೋಣ.

ಮಲಗಿಸಿಕೊಂಡು ತಿನ್ನಿಸಬೇಡಿ. ಅನ್ನ, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ. ಉಂಡ ಮೇಲೆ ಬಾಯಿ ತೊಳೆಸಿ. ಬೀಡಿ ಹೊಗೆ, ಸೌದೆ ಒಲೆಯ ಹೊಗೆ ಅವರಿಗೆ ತಾಗದಿರಲಿ.

ಲಸಿಕೆ ಮಕ್ಕಳಿಗೆ ಮಾತ್ರವೇ?

ಅಲ್ಲ. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರು ಸಾಲಿನಲ್ಲಿ ನಿಂತು ಕೊರೋನಾ ಲಸಿಕೆ ಹಾಕಿಸಿಕೊಂಡರು. ನಮಗೆಲ್ಲ ನೆನಪಿದೆ. ಹಾಗೆಯೇ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ರೋಗಾಣುವಿಗೂ ಲಸಿಕೆ ಇದೆ. ಫ್ಲೂ ಜ್ವರಕ್ಕೆ ವರ್ಷಕ್ಕೊಮ್ಮೆ ಹಾಕುವ ಲಸಿಕೆಯೂ ಇದೆ. ಸಾಮಾನ್ಯವಾಗಿ ಹಿರಿಯರು ಇವೆರಡನ್ನೂ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ಕಾಯಿಲೆ ಇದ್ದವರು ಡಾಕ್ಟರನ್ನು ತಪ್ಪದೆ ಕೇಳಬೇಕು. ಲಸಿಕೆ ಎಲ್ಲ ನ್ಯುಮೋನಿಯಾವನ್ನೂ ತಡೆಯದು. ಆದರೆ ಅಪಾಯವನ್ನು ಕಡಿಮೆ ಮಾಡುತ್ತದೆ.

ಮಕ್ಕಳಿಗೆ ನ್ಯುಮೋಕಾಕಸ್ ಲಸಿಕೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಹಾಕಿಸಬೇಕು. ಮಗುವಿನಿಂದ ಅಜ್ಜಿಗೆ ರೋಗಾಣು ಅಂಟುವುದೂ ಇದರಿಂದ ಕಡಿಮೆಯಾಗುತ್ತದೆ.

ಎಣಿಸಲು ಕಲಿತ ಸೊಸೆ ಒಂದು ಜೀವ ಉಳಿಸಿದಳು. ನಾವೂ ಕಲಿತಿದ್ದೇವೆ. "ವಯಸ್ಸಾಯ್ತು ಬಿಡು" ಎನ್ನುವ ಮಾತನ್ನು ಇನ್ನು ನಾವು ಆಡುವುದು ಬೇಡ.

ಉತ್ತರ ಬರೆಯಿರಿ

1. ಅತ್ತೆಗೆ ಜ್ವರ ಇತ್ತೇ? ಸೊಸೆಗೆ ಅನುಮಾನ ಬಂದದ್ದು ಹೇಗೆ?
2. ನಿಮ್ಮ ಮನೆಯ ಹಿರಿಯರು ನಿನ್ನೆ ಏನೇನು ಉಂಡರು?

ಮಾಡಿ ನೋಡಿ

ಮನೆಯ ಹಿರಿಯರು ಸುಮ್ಮನೆ ಕುಳಿತಿರುವಾಗ ಒಂದು ನಿಮಿಷ ಅವರ ಉಸಿರು ಎಣಿಸಿ. ಇಲ್ಲಿ ಬರೆಯಿರಿ: ..........