ವಸಂತ ಋತುವಿನಲ್ಲಿ ಕಿಟಕಿ-ಬಾಗಿಲುಗಳ ಪರೀಕ್ಷೆ

ಶೀತಕಾಲದಲ್ಲಿ ದೇಹದೊಳಗೆ ಸಂಚಯಗೊಂಡ ಕಫವು ವಸಂತದ ಸೂರ್ಯಕಿರಣಗಳಿಂದ ಕರಗಿ ಜಠರಾಗ್ನಿಯನ್ನು ಕುಂದಿಸುತ್ತದೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿವರಿಸಿದ್ದಾರೆ. ಚೈತ್ರ-ವೈಶಾಖಗಳಲ್ಲಿ ಕೆಮ್ಮು, ಉಬ್ಬಸಗಳಿಂದ ಬಳಲುವವರಿಗೆ ಕಷಾಯವನ್ನು ಸೂಚಿಸುವ ಮುನ್ನ ನಾವು ಅವರು ಮಲಗುವ ಕೋಣೆಯ ಕಿಟಕಿಯ ಸ್ಥಿತಿಯನ್ನು ವಿಚಾರಿಸುತ್ತೇವೆ.

ಯುಗಾದಿಗೆಂದು ಗೋಡೆಗೆ ಸುಣ್ಣ ಬಳಿಯುವ ಸದ್ಭಕ್ತರು ಜಾರುವ ಕಿಟಕಿಯ ಕೆಳಸಂದಿಯನ್ನು ಮರೆಯುವುದುಂಟು. ವರ್ಷದ ಧೂಳೆಲ್ಲ ಅಲ್ಲಿಯೇ ನೆಲೆಸಿರುತ್ತದೆ. ಅದನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಬ್ಬಸವಿರುವವರು ಆಗ ಹೊರಗಿರಲಿ. ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬೂಷ್ಟು ಕಂಡರೆ ಬಣ್ಣ ಬಳಿದು ಮರೆಮಾಡಬಾರದು. ನೀರು ಒಸರುವ ಜಾಗವನ್ನು ಮೊದಲು ಮುಚ್ಚಿಸಬೇಕು.

ಪೂಜಾಕೋಣೆಯ ವಿಷಯದಲ್ಲಿ ನಮಗೆ ಹೆಚ್ಚಿನ ಕಾಳಜಿ. ದೀಪ ಆರುವುದೆಂದು ಕಿಟಕಿ ಮುಚ್ಚಿ, ಧೂಪ ಹಾಕಿ, ವಯೋವೃದ್ಧರು ದೀರ್ಘಕಾಲ ಇಷ್ಟಲಿಂಗಪೂಜೆಗೆ ಕುಳಿತಿರುತ್ತಾರೆ. ಭಕ್ತಿಗೆ ಹೊಗೆ ಬೇಕಿಲ್ಲ. ಕಿಟಕಿ ತೆರೆದು ಊದುಬತ್ತಿಯನ್ನು ಹಿಡಿದು ನೋಡಿರಿ: ಹೊಗೆ ಅಲುಗದೆ ನೆಟ್ಟಗೆ ಏರಿದರೆ ಗಾಳಿ ಆಡುತ್ತಿಲ್ಲ; ಎದುರಿನ ಬಾಗಿಲನ್ನೂ ತೆರೆದಿಡಬೇಕು. ಆ ಬಾಗಿಲಿನ ಅಗುಳಿ ಬಿಗಿಯಾಗಿದ್ದರೆ ಎಣ್ಣೆ ಬಿಡಿಸಿರಿ. ಒಳಗೆ ತಲೆಸುತ್ತಿ ಬಿದ್ದವರನ್ನು ತಲುಪಲು ತಡವಾಗಬಾರದು.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಮುಖ್ಯವಾಗಿ ಹಗಲಿನಲ್ಲಿ ಕಚ್ಚುವುದರಿಂದ ಸಂಜೆ ಕಿಟಕಿ ಮುಚ್ಚಿದ ಮಾತ್ರಕ್ಕೆ ರಕ್ಷಣೆಯಾಗದು. ಜಾಲರಿಯ ಹರುಕುಗಳನ್ನು ಮಳೆಗೆ ಮೊದಲೇ ಹೊಲಿಸಬೇಕು. ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ಮಳೆಗಾಲದಲ್ಲಿ ಉಬ್ಬುವ ಮರವು ಈಗ ಒಣಗಿ ಕುಗ್ಗಿರುತ್ತದೆ. ಬಿರುಕುಗಳು ಎದ್ದು ಕಾಣುತ್ತವೆ. ಬಡಗಿಯನ್ನು ಕರೆಸಿ ಅವನ್ನು ತುಂಬಿಸಲು ಇದೇ ತಕ್ಕ ಸಮಯ.