ನೋಡಿಯೂ ದಾಟಿ ಹೋದವರು



"ನಾನು ಯಾರಿಗೂ ಕೇಡು ಮಾಡಿಲ್ಲ" ಎಂದು ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಅಷ್ಟೇ ಸಾಕೇ?

ಇಂಗ್ಲಿಷಿನಲ್ಲಿ 'ಪ್ರೆಟರಿಷನ್' ಎಂಬ ಅಪರೂಪದ ಪದವೊಂದಿದೆ. ಬಿಟ್ಟುಬಿಡುವುದು, ಲೋಪ ಎಂದು ಅದರ ಅರ್ಥ. ಅದರ ತವರು ಲತೀನ್ ಭಾಷೆ. 'ಪ್ರೇತೆರ್' ಎಂದರೆ ಆಚೆಗೆ, 'ಈರೆ' ಎಂದರೆ ಹೋಗುವುದು. ಎರಡೂ ಸೇರಿದರೆ 'ದಾಟಿ ಹೋಗುವುದು'.

ರೋಮನ್ನರ ಕಾನೂನಿನಲ್ಲಿ ಈ ಪದಕ್ಕೆ ತೂಕವಿತ್ತು. ಉಯಿಲು ಬರೆಯುವ ತಂದೆ ತನ್ನ ಅಧೀನದಲ್ಲಿರುವ ಮಗನನ್ನು ಉತ್ತರಾಧಿಕಾರಿಯಾಗಿ ನೇಮಿಸಬೇಕಿತ್ತು, ಇಲ್ಲವೇ ಹೆಸರು ಹೇಳಿ ಹೊರಗಿಡಬೇಕಿತ್ತು. ಏನೂ ಹೇಳದೆ ಅವನನ್ನು ದಾಟಿ ಹೋದರೆ ಉಯಿಲೇ ಅಸಿಂಧು! ಮೌನವೂ ಅನ್ಯಾಯವಾಗಬಲ್ಲದೆಂದು ಅವರು ಅರಿತಿದ್ದರು.

ಸಂತ ಜೆರೋಮರು 4ನೇ ಶತಮಾನದ ಕೊನೆಯಲ್ಲಿ ಪರಿಷ್ಕರಿಸಿದ ಲತೀನ್ ಶುಭಸಂದೇಶದಲ್ಲಿ ಇದೇ ಪದದ ಕ್ರಿಯಾರೂಪವಿದೆ. ಅದು ದಯಾಳುವಾದ ಸಮಾರಿಯದವನ ಸಾಮತಿಯಲ್ಲಿ (ಲೂಕ 10:31). ಜೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನು ಕಂಡನು, ದಾಟಿ ಹೋದನು. ಅವನು ಹೊಡೆಯಲಿಲ್ಲ, ದೋಚಲಿಲ್ಲ. ಕಂಡೂ ನಿಲ್ಲಲಿಲ್ಲ, ಅಷ್ಟೇ. ಯಾಜಕನಾದ ನನಗೆ ಈ ವಾಕ್ಯ ಪ್ರತಿ ಸಲವೂ ಚುಚ್ಚುತ್ತದೆ.

ಹಾಗೆಂದು ಮಾಡದೇ ಉಳಿದದ್ದೆಲ್ಲವೂ ಪಾಪವಲ್ಲ. ಮಾಡಲೇಬೇಕಾದ ಒಳಿತನ್ನು ಬಿಡುವುದೇ ಕರ್ತವ್ಯಲೋಪವೆಂದು ಸಂತ ಥಾಮಸ್ ಅಕ್ವಿನಾಸರು ವಿವರಿಸುತ್ತಾರೆ. ಲೋಕದ ಕಷ್ಟವನ್ನೆಲ್ಲ ನಾವೇ ಹೊರಲಾರೆವು. ಆದರೆ ದೇವರು ನಮ್ಮ ದಾರಿಯಲ್ಲೇ ಇಟ್ಟವರ ಗತಿಯೇನು? ಬಲಿಪೂಜೆಯ ಪಾಪನಿವೇದನೆಯಲ್ಲಿ ಆಲೋಚನೆ, ಮಾತು, ಕ್ರಿಯೆಗಳ ಜೊತೆಗೆ ಕರ್ತವ್ಯಲೋಪವನ್ನೂ ಒಪ್ಪಿಕೊಳ್ಳುತ್ತೇವೆ. 1970ರ ರೋಮನ್ ಪೂಜಾಗ್ರಂಥ ಸೇರಿಸಿದ ಈ ಒಂದು ಪದವನ್ನು ನಾವು ಅವಸರದಲ್ಲಿ ನುಂಗಿಬಿಡುತ್ತೇವೆ.

ಜೆರಿಕೋವಿನ ದಾರಿ ನಮ್ಮ ಮನೆಯೊಳಗೂ ಹಾದುಹೋಗುತ್ತದೆ. ಮೂಲೆಯ ಕೋಣೆಯಲ್ಲಿ ಮಲಗಿರುವ ಅಜ್ಜಿಯ ಮುಂದೆ ದಿನಕ್ಕೆ ಹತ್ತು ಸಲ ಓಡಾಡುತ್ತೇವೆ; ಒಮ್ಮೆಯಾದರೂ ಹತ್ತಿರ ಕೂರುತ್ತೇವೆಯೇ? ಆಸ್ತಿಯ ಮಾತು ಬಂದಾಗ ಮದುವೆಯಾಗಿ ಹೋದ ಮಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಪರೀಕ್ಷೆಯಲ್ಲಿ ಸೋತ ಮಗನ ಬಾಡಿದ ಮುಖ ಕಣ್ಣಿಗೆ ಬಿದ್ದರೂ ಕೇಳುವವರಿಲ್ಲ.

ಈ ರಾತ್ರಿ ಕುಟುಂಬ ಪ್ರಾರ್ಥನೆಯ ಬಳಿಕ ಒಂದು ಕ್ಷಣ ಸುಮ್ಮನೆ ಕುಳಿತು ಕೇಳಿಕೊಳ್ಳೋಣ: ಇಂದು ನಾನು ಯಾರನ್ನು ಕಂಡೂ ದಾಟಿ ಹೋದೆ? ನಾಳೆ ಅವರ ಬಳಿ ನಿಲ್ಲೋಣ.

ಯೇಸುಸ್ವಾಮಿಯೂ ಜೆರಿಕೋವಿನಿಂದ ಜೆರುಸಲೇಮಿಗೆ ಹೊರಟಿದ್ದರು. ದಾರಿಬದಿಯಲ್ಲಿ ಕುರುಡ ಬಾರ್ತಿಮಾಯನು ಕೂಗಿದನು. ಜನರು ಅವನನ್ನು ಗದರಿಸಿದರು. ಯೇಸು ದಾಟಿ ಹೋಗಲಿಲ್ಲ, ನಿಂತರು (ಮಾರ್ಕ 10:49).