ಅಂಗಡಿ ಆಮೇಲೆ, ಲೈಸೆನ್ಸು ಮೊದಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಎಸಿ ಕೆಲಸ ಕಲಿತ ಹುಡುಗರ ಕೈಗೆ ನಾಲ್ಕು ಕಾಸು ಸೇರಿದರೆ ಅದು ಅಂಗಡಿಯ ಅಡ್ವಾನ್ಸಿಗೂ ಬೋರ್ಡಿಗೂ ಹೋಗುತ್ತದೆ. ಆ ದುಡ್ಡು ಮೊದಲು ವಿದ್ಯುತ್ ಗುತ್ತಿಗೆದಾರರ ಲೈಸೆನ್ಸಿಗೆ ಹೋಗಬೇಕು ಎಂಬುದು ನನ್ನ ವಾದ. ನಮ್ಮಲ್ಲಿ ಎಸಿಗೆಂದೇ ಪ್ರತ್ಯೇಕ ಗುತ್ತಿಗೆದಾರರ ಲೈಸೆನ್ಸ್ ಇಲ್ಲ. ಐಟಿಐನ ಎರಡು ವರ್ಷದ ರೆಫ್ರಿಜರೇಷನ್ ಸರ್ಟಿಫಿಕೇಟು ಕೆಲಸ ಬರುತ್ತದೆ ಎನ್ನುತ್ತದೆ, ಅಷ್ಟೇ. ಕಾನೂನು ಹಿಡಿಯುವುದು ಕರೆಂಟಿನ ಕಡೆಯಿಂದ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ಗ್ರಾಹಕರ ಕಟ್ಟಡದಲ್ಲಿ ವಿದ್ಯುತ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು. ಮೇಲ್ವಿಚಾರಕರಿಗೂ ವೈರ್‌ಮನ್‌ಗೂ ಪರ್ಮಿಟ್ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮ ಹೇಳುವುದು ಇದನ್ನೇ. ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ.

ಕಾನೂನಿನ ಮಾತು ಹಾಗಿರಲಿ, ದುಡ್ಡಿನ ಲೆಕ್ಕವೂ ಅದೇ ದಾರಿ ತೋರಿಸುತ್ತದೆ. ಇಲ್ಲಿ ಎಸಿಯ ಸುಗ್ಗಿ ಶಿವರಾತ್ರಿಗೆ ಶುರುವಾಗಿ ಮುಂಗಾರಿಗೆ ಮುಗಿಯುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಯಂತ್ರ ಕೇಳುವವರಿಲ್ಲ, ಗೀಸರ್ ಒಂದಿದ್ದರೆ ಆಯಿತು. ಅಂಗಡಿ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಲೈಸೆನ್ಸ್ ಇದ್ದವರಿಗೆ ಉಳಿದ ತಿಂಗಳುಗಳಲ್ಲಿ ಹೊಸ ಮನೆಯ ವೈರಿಂಗ್, ಬೆಸ್ಕಾಂ ಮೀಟರ್, ಲೋಡ್ ಏರಿಸುವ ಕೆಲಸ ಸಿಗುತ್ತದೆ. ದೊಡ್ಡ ಗಿರಾಕಿಗಳೂ ಇದ್ದಾರೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಕೊರಟಗೆರೆಗೆ ದೂರವಲ್ಲದ ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಈ ಕಡೆಯ ಹುಣಸೆಹಣ್ಣು ಕಪ್ಪಾಗದಿರಲು ಕೋಲ್ಡ್ ಸ್ಟೋರೇಜ್ ಬೇಕೇ ಬೇಕು. ಇಂಥ ಕಡೆ ಕಾಗದಪತ್ರ ಇಲ್ಲದವರು ಕೂಲಿಗೆ ಹೋಗಬಹುದೇ ಹೊರತು ಗುತ್ತಿಗೆ ಹಿಡಿಯುವುದು ಕಷ್ಟ.

“ಯಾರು ಕೇಳ್ತಾರೆ ಬಿಡಿ ಲೈಸೆನ್ಸು?” ಎನ್ನುವವರುಂಟು. ಮನೆಯವರು ಕೇಳುವುದಿಲ್ಲ, ನಿಜ. ಆದರೆ ಒಂದೂವರೆ ಟನ್ನಿನ ಎಸಿ ಏಳು ಆಂಪಿಯರ್ ಆಸುಪಾಸು ಎಳೆಯುತ್ತದೆ. ಅದನ್ನು ಹಳೇ ಮನೆಯ 6 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕೆಟ್ಟು ಮೊದಲು ಬಿಸಿಯಾಗುತ್ತದೆ, ಆಮೇಲೆ ಕಂದುಗಟ್ಟುತ್ತದೆ, ಕೊನೆಗೆ ಸುಟ್ಟ ವಾಸನೆ. ಈಗಿನ ಎಸಿಗಳಲ್ಲಿ ಬರುವ ಆರ್-32 ಗ್ಯಾಸಿಗೆ, ಹಳೆಯ ಆರ್-22ಕ್ಕೆ ಇಲ್ಲದ, ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ. ಅನಾಹುತವಾದ ಮೇಲೆ ಲೈಸೆನ್ಸ್ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಇನ್ನೊಂದು ಆಕ್ಷೇಪಕ್ಕೆ ತೂಕ ಜಾಸ್ತಿ: ಲೈಸೆನ್ಸಿಗೆ ಅನುಭವ ಬೇಕು, ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಬೇರೆಯವರ ಲೈಸೆನ್ಸಿನಲ್ಲಿ ಕೆಲಸ ಮಾಡಿದರಾಗದೇ? ಹೊಟ್ಟೆಪಾಡು ನಡೆದೀತು. ಆದರೆ ಬಿಲ್ಲು ಅವರ ಹೆಸರಿಗೆ, ಬ್ಯಾಂಕಿನ ವಹಿವಾಟು ಅವರ ಖಾತೆಗೆ. ನಾಳೆ ಮುದ್ರಾ ಸಾಲ ಕೇಳಲು ಹೋದಾಗ ತೋರಿಸಲು ನಿಮ್ಮದೆನ್ನುವ ಲೆಕ್ಕವೇ ಇರುವುದಿಲ್ಲ. ಅಷ್ಟು ದಿನ ಕಾಯಲೇಬೇಕೆಂದರೆ ಅನುಭವದ ಪತ್ರ ಕೊಡುವ ಗುತ್ತಿಗೆದಾರರ ಬಳಿ, ಸಂಬಳ ಕಡಿಮೆಯಾದರೂ ಸರಿ, ಸೇರಿಕೊಳ್ಳಿ. ನಿಮ್ಮ ಟ್ರೇಡಿಗೆ ಯಾವ ಪರ್ಮಿಟ್, ಏನು ಷರತ್ತು ಎಂಬುದನ್ನು ದಲ್ಲಾಳಿಯನ್ನು ಕೇಳದೆ ಪರಿವೀಕ್ಷಣಾಲಯದಲ್ಲೇ ವಿಚಾರಿಸಿ. ಅಂಗಡಿಯ ಅಡ್ವಾನ್ಸು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.